ಹೊಟ್ಟೆಯಲ್ಲಿ ಗಡ್ಡೆ ಇದೆ ಸರಿ, ರಕ್ತ ಹೋಗುತ್ತಿರುವುದು ಅಲ್ಲಿಂದಲೇನಾ?

ಪ್ರಶ್ನೆ: ನಾವು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯವರು. ರೇಷ್ಮೆ ಇದೆ, ನಾಲ್ಕು ಹಸು ಇವೆ. ನಮ್ಮ ಲ್ಯಾಬ್ರಡಾರ್ ಹೆಣ್ಣುನಾಯಿ ಚಿನ್ನಿಗೆ 11 ವರ್ಷ. ಎರಡು ಮೂರು ತಿಂಗಳಿಂದ ವಾರಕ್ಕೆ ಒಂದೆರಡು ಸಲ ವಾಂತಿ ಮಾಡುತ್ತಾಳೆ. ಹೋದ ತಿಂಗಳು ಕಕ್ಕಸು ಎರಡು ದಿನ ಕಪ್ಪಗಿತ್ತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಅನ್ನನಾಳ ಬಂದು ಹೊಟ್ಟೆಗೆ ಸೇರುವ ಜಾಗದ ಹತ್ತಿರ ಎರಡೂವರೆ ಸೆಂಟಿಮೀಟರ್ ಗಡ್ಡೆ ಇದೆ, ನೋಡಿದರೆ ಕ್ಯಾನ್ಸರ್ ಅಲ್ಲದ ಸಾದಾ ಗಡ್ಡೆ ಅನ್ನಿಸುತ್ತದೆ, ಲಿಯೋಮಯೋಮಾ ಇರಬಹುದು ಅಂದರು. ಆಪರೇಷನ್ ಮಾಡಿಸೋಣ ಅಂತ ಮಗ ಹೇಳುತ್ತಾನೆ. ಈ ವಯಸ್ಸಲ್ಲಿ ಕೊಯ್ಯಿಸೋದು ಬೇಡ ಅಂತ ನಮ್ಮ ಮನೆಯವರು. ದಿನಾ ಮುದ್ದೆ ಸಾರು ಹಾಕಿದ್ದಕ್ಕೇ ಹೀಗಾಯ್ತು ಅಂತ ಪಕ್ಕದ ಮನೆಯವರು. ಅವಳಿಗೆ ಹಿಂಗಾಲು ನೋವೂ ಇದೆ. ಅದಕ್ಕೆ ನಾವು ನುಂಗುವ ನೋವಿನ ಮಾತ್ರೆಯನ್ನೇ ಆಗಾಗ ಅರ್ಧ ಕೊಡುತ್ತೇವೆ, ಕೊಟ್ಟ ದಿನ ಚೆನ್ನಾಗಿ ಓಡಾಡುತ್ತಾಳೆ. ಈಗ ಏನು ಮಾಡೋದು?

ಉತ್ತರ: ಗಡ್ಡೆಗಿಂತ, ಕೊನೆಯಲ್ಲಿ ಬರೆದ ಆ ನೋವಿನ ಮಾತ್ರೆಯೇ ನನಗೆ ಜಾಸ್ತಿ ಭಯ ಹುಟ್ಟಿಸಿತು. ಇದನ್ನು ಓದಿದ ಕ್ಷಣದಿಂದ ಅದನ್ನು ನಿಲ್ಲಿಸಿ. ನಾಳೆಯಿಂದ ಅಲ್ಲ, ಇವತ್ತೇ. ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ.

ಮಾತ್ರೆಯ ಹೆಸರು ನೀವು ಬರೆದಿಲ್ಲ. ನಮ್ಮ ಕಡೆ ಮೆಡಿಕಲ್ ಸ್ಟೋರಿನಲ್ಲಿ ಕೈಕಾಲು ನೋವಿಗೆ ಕೊಡುವುದು ಸಾಮಾನ್ಯವಾಗಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್. ಕೆಲವದರಲ್ಲಿ ಜೊತೆಗೆ ಪ್ಯಾರಾಸಿಟಮಾಲೂ ಸೇರಿರುತ್ತದೆ. ಹೊಟ್ಟೆಯಲ್ಲಿ ಊಟ ಅರಗಿಸುವ ಆಸಿಡ್ ಇರುತ್ತದಲ್ಲ, ಅದು ಹೊಟ್ಟೆಯ ಗೋಡೆಯನ್ನೇ ತಿನ್ನದ ಹಾಗೆ ಒಂದು ಲೋಳೆಯ ಪದರ ಕಾಯುತ್ತದೆ. ಆ ಪದರ ಮಾಡಿಕೊಳ್ಳಲು ದೇಹಕ್ಕೆ ಬೇಕಾದ ಒಂದು ರಾಸಾಯನಿಕವನ್ನೇ ಈ ಮಾತ್ರೆಗಳು ತಡೆಯುತ್ತವೆ. ನೋವು ಕಡಿಮೆಯಾಗುವುದೂ ಹಾಗೆಯೇ, ಹೊಟ್ಟೆ ಹುಣ್ಣಾಗುವುದೂ ಹಾಗೆಯೇ. ಮನುಷ್ಯರಿಗಿಂತ ನಾಯಿಗಳಿಗೆ ಇದರ ಏಟು ಬಹಳ ಬೇಗ ಬೀಳುತ್ತದೆ. ಅರ್ಧ ಮಾತ್ರೆ ಅಲ್ವಾ ಅನ್ನಬೇಡಿ. ಆಗಾಗ ಕೊಟ್ಟ ಅರ್ಧ ಮಾತ್ರೆಗಳಿಂದಲೇ ಹೊಟ್ಟೆ ತೂತಾಗಿ ಬಂದ ನಾಯಿಗಳನ್ನು ನೋಡಿದ್ದೇನೆ. ದನಗಳಿಗೆ ಡೈಕ್ಲೋಫೆನಾಕ್ ಕೊಡಬಾರದು ಅಂತ 2006ರಲ್ಲಿ ನಿಷೇಧ ಬಂದಿದ್ದು ನಿಮಗೆ ನೆನಪಿರಬಹುದು. ಅದು ಬೇರೆ ಕಾರಣಕ್ಕೆ, ಔಷಧಿ ತಿಂದ ದನದ ಹೆಣ ತಿಂದು ರಣಹದ್ದುಗಳು ಸಾಯುತ್ತಿದ್ದವು. ನಾಯಿಯ ವಿಷಯದಲ್ಲಿ ಅಷ್ಟು ದೊಡ್ಡ ಸುದ್ದಿ ಆಗಲಿಲ್ಲ, ಅದಕ್ಕೇ ಮನೆಮನೆಯಲ್ಲೂ ಕೊಡುತ್ತಲೇ ಇದ್ದಾರೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ವಾಂತಿ ಮತ್ತು ಕಪ್ಪು ಮಲ ಎರಡನ್ನೂ ಆ ಮಾತ್ರೆಯೊಂದೇ ಮಾಡಬಲ್ಲದು. ಸ್ಕ್ಯಾನಿನಲ್ಲಿ ಗಡ್ಡೆ ಕಂಡ ಕೂಡಲೇ ಮನೆಯವರೆಲ್ಲ ಎಲ್ಲದಕ್ಕೂ ಅದೇ ಕಾರಣ ಅಂದುಕೊಳ್ಳುತ್ತಾರೆ. ವಯಸ್ಸಾದ ನಾಯಿಯ ಹೊಟ್ಟೆಯಲ್ಲಿ ಲಿಯೋಮಯೋಮಾ ಸುಮ್ನೆ ಕೂತಿರುವುದು ಅಪರೂಪವೇನಲ್ಲ. ನಾಯಿ ಬೇರೆ ಯಾವುದೋ ಕಾಯಿಲೆಯಿಂದ ಸತ್ತು, ಪೋಸ್ಟ್‌ಮಾರ್ಟಂ ಮಾಡುವಾಗ ಕಂಡ ಗಡ್ಡೆಗಳೂ ಇವೆ. ಬದುಕಿರುವಷ್ಟು ದಿನ ಅದರಿಂದ ಯಾವ ತೊಂದರೆಯೂ ಆಗಿರುವುದಿಲ್ಲ. ಹಾಗಾಗಿ ಕೊಯ್ಯಿಸಬೇಕೋ ಬೇಡವೋ ಅನ್ನುವ ಮೊದಲು ಕೇಳಬೇಕಾದ್ದು ಇದು: ಈ ವಾಂತಿಗೆ, ಈ ರಕ್ತಕ್ಕೆ ನಿಜವಾಗಿ ಕಾರಣ ಯಾರು?

ಗಡ್ಡೆಯ ಬಗ್ಗೆ ಹೇಳಿಬಿಡುತ್ತೇನೆ. ನಾಯಿಗೆ ಬರುವ ಒಟ್ಟು ಗಡ್ಡೆಗಳಲ್ಲಿ ಹೊಟ್ಟೆಯವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆ ಕೆಲವದರಲ್ಲಿ ಕ್ಯಾನ್ಸರ್ ಪಾಲೇ ಜಾಸ್ತಿ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸಾದಾ ಗಡ್ಡೆಗಳಲ್ಲಿ ಮುಖ್ಯವಾಗಿ ಎರಡು ತರಹ. ಒಂದು, ಹೊಟ್ಟೆಯ ಒಳಮೈಯಿಂದ ಬೆಳೆಯುವ ಪಾಲಿಪ್ ಅಥವಾ ಅಡಿನೋಮಾ. ಇದು ಹೆಚ್ಚಾಗಿ ಹೊಟ್ಟೆಯ ಕೆಳತುದಿಯಲ್ಲಿ, ಊಟ ಕರುಳಿಗೆ ಇಳಿಯುವ ಬಾಗಿಲಿನ ಹತ್ತಿರ ಬರುತ್ತದೆ. ಅಲ್ಲಿ ದಾರಿ ಕಿರಿದು. ಸಣ್ಣ ಪಾಲಿಪ್ ಆದರೂ ಊಟ ಕೆಳಗೆ ಇಳಿಯುವುದಿಲ್ಲ, ಬೆಳಗ್ಗೆ ತಿಂದಿದ್ದು ಸಂಜೆ ಹಾಗೇ ಹೊರಗೆ ಬರುತ್ತದೆ. ಶಿಹ್ ತ್ಸು, ಲಾಸಾ ಆಪ್ಸೋ ಸಾಕಿದವರು ಈ ಲಕ್ಷಣ ಕಂಡರೆ ಗಮನಿಸಿ, ಆ ಜಾತಿಗಳಲ್ಲಿ ಗಡ್ಡೆ ಇಲ್ಲದೆಯೂ ಆ ಬಾಗಿಲು ದಪ್ಪಗಾಗಿ ಕಟ್ಟಿಕೊಳ್ಳುವ ಕಾಯಿಲೆ ಇದೆ.

ಇನ್ನೊಂದು ನಿಮ್ಮ ಚಿನ್ನಿಗೆ ಹೇಳಿರುವ ಲಿಯೋಮಯೋಮಾ. ಹೊಟ್ಟೆಯ ಗೋಡೆಯ ನಡುವೆ ಇರುವ ಮಾಂಸಖಂಡದ ಪದರದಲ್ಲಿ ಹುಟ್ಟುತ್ತದೆ. ಅನ್ನನಾಳ ಸೇರುವ ಮೇಲ್ತುದಿಯೇ ಅದಕ್ಕೆ ಇಷ್ಟದ ಜಾಗ, ವಯಸ್ಸಾದ ನಾಯಿಗಳೇ ಜಾಸ್ತಿ. ಆ ಲೆಕ್ಕದಲ್ಲಿ ನಿಮ್ಮ ಡಾಕ್ಟರ ಊಹೆಯಲ್ಲಿ ಅರ್ಥವಿದೆ. ಬಹಳ ನಿಧಾನವಾಗಿ ಬೆಳೆಯುತ್ತದೆ, ಬೇರೆ ಅಂಗಕ್ಕೆ ಹರಡುವುದಿಲ್ಲ. ಆಪರೇಷನ್ನಿನಲ್ಲಿ ಹೊಟ್ಟೆ ತೆರೆದಾಗ ದುಂಡಗೆ, ಗಟ್ಟಿಯಾಗಿ, ಬೆಳ್ಳಗೆ ಇರುತ್ತದೆ. ಮೇಲಿನ ಒಳಪೊರೆ ಹಾಗೇ ನುಣ್ಣಗೆ ಹೊದ್ದುಕೊಂಡಿರುತ್ತದೆ. ಪೊರೆಯನ್ನು ಸೀಳಿ ಬೆರಳು ತೂರಿಸಿದರೆ ಸುತ್ತಲಿನ ಮಾಂಸದಿಂದ ಬಿಡಿಸಿಕೊಂಡು ಬರುವುದೂ ಉಂಟು. ಕೆಲವು ಸಲ ಮಾತ್ರ ಗಡ್ಡೆಯ ನೆತ್ತಿಯ ಮೇಲೆ ಒಂದು ಸಣ್ಣ ಹುಣ್ಣಾಗಿರುತ್ತದೆ. ರಕ್ತ ಹೋಗುವುದು ಅಲ್ಲಿಂದ.

ಈಗ ಮುಖ್ಯ ವಿಷಯ. ಸ್ಕ್ಯಾನ್ ನೋಡಿ ಸಾದಾ ಗಡ್ಡೆ ಅಂತ ಊಹಿಸಬಹುದು, ತೀರ್ಪು ಕೊಡಲು ಆಗುವುದಿಲ್ಲ. ಲಿಯೋಮಯೋಮಾ, ಅದರ ಕ್ಯಾನ್ಸರ್ ರೂಪವಾದ ಲಿಯೋಮಯೋಸಾರ್ಕೋಮಾ, ಮತ್ತೆ ಹೊಟ್ಟೆ ಕರುಳಿನ ಗೋಡೆಯಲ್ಲೇ ಹುಟ್ಟುವ ಜಿಸ್ಟ್ ಅನ್ನುವ ಇನ್ನೊಂದು ಗಡ್ಡೆ, ಮೂರೂ ಸ್ಕ್ಯಾನಿನಲ್ಲಿ ಒಂದೇ ತರಹ ಕಾಣಬಹುದು. ಆದರೂ ಸ್ಕ್ಯಾನ್ ವರದಿಯಲ್ಲಿ ಸುಳಿವುಗಳು ಇರುತ್ತವೆ. ವರದಿ ತೆಗೆದು ನೋಡಿ. ನಾಯಿಯ ಹೊಟ್ಟೆಯ ಗೋಡೆ ಸುಮಾರು 3ರಿಂದ 5 ಮಿಲಿಮೀಟರ್ ದಪ್ಪ, ಅದರಲ್ಲಿ ಐದು ಪದರಗಳು ಗೆರೆ ಗೆರೆಯಾಗಿ ಕಾಣುತ್ತವೆ. ಗಡ್ಡೆಯ ಸುತ್ತ ಆ ಪದರಗಳು ಉಳಿದಿವೆಯಾ, ಅಳಿಸಿಹೋಗಿವೆಯಾ? ಪಕ್ಕದ ಲಿಂಫ್ ಗಂಟುಗಳು ಊದಿವೆಯಾ? ಲಿವರಿನಲ್ಲಿ ಕಲೆ ಇದೆಯಾ? ಪದರ ಉಳಿದು, ಲಿಂಫ್ ಗಂಟು ಮಾಮೂಲಿಯಾಗಿದ್ದು, ಲಿವರ್ ಶುಭ್ರವಾಗಿದ್ದರೆ ಧೈರ್ಯ ಜಾಸ್ತಿ. ವರದಿಯಲ್ಲಿ ಇದನ್ನೆಲ್ಲ ಬರೆದಿಲ್ಲದಿದ್ದರೆ ಫೋನ್ ಮಾಡಿ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ಬಾಯಿಂದ ಕ್ಯಾಮೆರಾ ಕೊಳವೆ ಇಳಿಸುವ ಎಂಡೋಸ್ಕೋಪಿ ಮಾಡಿಸಿ ತುಣುಕು ತೆಗೆಸಿದರೆ ಗೊತ್ತಾಗಲ್ವಾ ಅಂತ ಕೇಳುತ್ತೀರಿ. ಪಾಲಿಪ್ ಆಗಿದ್ದರೆ ಗೊತ್ತಾಗುತ್ತದೆ, ಕೆಲವನ್ನು ಆ ಕೊಳವೆಯಿಂದಲೇ ತೆಗೆದುಬಿಡಲೂಬಹುದು. ಲಿಯೋಮಯೋಮಾ ಪೊರೆಯ ಅಡಿಯಲ್ಲಿ ಇರುವುದರಿಂದ ಎಂಡೋಸ್ಕೋಪಿನ ಇಕ್ಕಳಕ್ಕೆ ಮೇಲಿನ ಪೊರೆ ಮಾತ್ರ ಸಿಗುತ್ತದೆ, ವರದಿಯಲ್ಲಿ ಬರೀ ಉರಿಯೂತ ಅಂತ ಬರುತ್ತದೆ. ಸೂಜಿ ಹಾಕಿ ತೆಗೆದರೂ ಅಷ್ಟೇ, ಈ ಗಡ್ಡೆ ತನ್ನ ಕಣಗಳನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆದರೂ ಎಂಡೋಸ್ಕೋಪಿಯಿಂದ ಒಂದು ದೊಡ್ಡ ಉಪಯೋಗ ಇದೆ, ಹುಣ್ಣು ಎಲ್ಲಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಗಡ್ಡೆಯ ಮೇಲಿದೆಯೋ, ಅಥವಾ ಗಡ್ಡೆಗೆ ಸಂಬಂಧವೇ ಇಲ್ಲದೆ ಮಾತ್ರೆಯಿಂದ ಆದ ಹುಣ್ಣುಗಳು ಬೇರೆ ಕಡೆ ಇವೆಯೋ. ನಮಗೆ ಬೇಕಿರುವ ಉತ್ತರ ಅದೇ ಅಲ್ವಾ.

ಗಡ್ಡೆ ಇರುವ ಜಾಗ ನೋಡಿ ನನಗೆ ಇನ್ನೊಂದು ಅನುಮಾನ ಬಂತು. ಮನೆಯಲ್ಲಿ ಹಸು ಇವೆ ಅಂದಿರಿ, ಅಂದರೆ ತಿಪ್ಪೆಯೂ ಇರುತ್ತದೆ. ತಿಪ್ಪೆಯಲ್ಲಿ ಸಗಣಿ ಉಂಡೆ ಉರುಳಿಸುವ ಕಪ್ಪು ಹುಳು ಇರುತ್ತದಲ್ಲ, ಅದರ ಹೊಟ್ಟೆಯಲ್ಲಿ ಸ್ಪೈರೋಸೆರ್ಕಾ ಅನ್ನುವ ಜಂತುವಿನ ಮರಿಗಳು ಬೆಳೆಯುತ್ತವೆ. ಆ ಹುಳುವನ್ನು ನಾಯಿ ತಿಂದರೆ, ಅಥವಾ ಹುಳು ತಿಂದ ಕೋಳಿಯ ಕರುಳು, ಹಲ್ಲಿ, ಇಲಿ ತಿಂದರೆ, ಜಂತು ನಾಯಿಯ ಹೊಟ್ಟೆಯ ಗೋಡೆ ಕೊರೆದು ರಕ್ತನಾಳದ ಮೂಲಕ ಮೇಲೇರಿ ಕೊನೆಗೆ ಅನ್ನನಾಳದ ಗೋಡೆಯಲ್ಲಿ ಗಂಟು ಕಟ್ಟಿಕೊಂಡು ಕೂರುತ್ತದೆ. ಹೆಚ್ಚಾಗಿ ಎದೆಯ ಒಳಗೆ, ಅನ್ನನಾಳದ ಕೆಳಭಾಗದಲ್ಲಿ. ಒಮ್ಮೊಮ್ಮೆ ಹೊಟ್ಟೆಯ ಗೋಡೆಯಲ್ಲೂ. ಈ ಗಂಟು ಶುರುವಿನಲ್ಲಿ ಸಾದಾ ಗಂಟೇ, ಔಷಧಿಗೆ ಕರಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕೆಲವು ನಾಯಿಗಳಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಹಳ್ಳಿ ನಾಯಿ, ಕೋಳಿ ಅಂಗಡಿಯ ಕರುಳು ತಿನ್ನುವ ನಾಯಿ ಅಂದರೆ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಲೇಬೇಕು. ಎದೆಯ ಎಕ್ಸ್‌ರೇ ಒಂದು ತೆಗೆಸಿ, ಮಲ ಪರೀಕ್ಷೆ ಮಾಡಿಸಿ. ಮಲದಲ್ಲಿ ಮೊಟ್ಟೆ ಸಿಗದಿದ್ದರೆ ಜಂತು ಇಲ್ಲ ಅಂತ ಅರ್ಥವಲ್ಲ, ಎಲ್ಲ ಸಲವೂ ಸಿಗುವುದಿಲ್ಲ. ಜಂತು ಅಂತ ಗೊತ್ತಾದರೆ ಆಪರೇಷನ್ ಮಾತು ಹಿಂದೆ ಸರಿದು ಡೋರಾಮೆಕ್ಟಿನ್ ತರಹದ ಔಷಧಿ ಮುಂದೆ ಬರುತ್ತದೆ. ಹಸುವಿಗೆ ತಂದಿಟ್ಟ ಇಂಜೆಕ್ಷನ್ ಇದೆ, ನಾವೇ ಚುಚ್ಚುತ್ತೇವೆ ಅನ್ನಬೇಡಿ. ಪ್ರಮಾಣ ಡಾಕ್ಟರೇ ಹೇಳಬೇಕು.

ಇದಕ್ಕೆ ಹೊಂದಿಕೊಂಡ ಹಾಗೆ, ಚಿನ್ನಿ ಮಾಡುತ್ತಿರುವುದು ವಾಂತಿಯೇನಾ ಅಂತ ಒಂದು ಸಲ ಸರಿಯಾಗಿ ನೋಡಿ, ಮೊಬೈಲಿನಲ್ಲಿ ವಿಡಿಯೋ ಮಾಡಿ. ವಾಂತಿ ಅಂದರೆ ಮೊದಲು ಜೊಲ್ಲು ಸುರಿಯುತ್ತದೆ, ಹೊಟ್ಟೆ ಎರಡು ಮೂರು ಸಲ ಜೋರಾಗಿ ಒಳಗೆ ಹೊರಗೆ ಆಡುತ್ತದೆ, ಆಮೇಲೆ ಬರುತ್ತದೆ. ಹೊಟ್ಟೆ ಆಡದೆ, ತಲೆ ಬಗ್ಗಿಸಿದ ಕೂಡಲೇ ತಿಂದಿದ್ದು ಉದ್ದಕ್ಕೆ ಹಾಗೇ ಜಾರಿ ಬಿದ್ದರೆ ತೊಂದರೆ ಅನ್ನನಾಳದಲ್ಲಿದೆ. ಆ ಒಂದು ವಿಡಿಯೋ ಡಾಕ್ಟರಿಗೆ ಹತ್ತು ಮಾತಿಗಿಂತ ಜಾಸ್ತಿ ಹೇಳುತ್ತದೆ.

ಕಪ್ಪು ಮಲದ್ದೂ ಹಾಗೆಯೇ. ಹೊಟ್ಟೆಯಲ್ಲಿ ಹೋದ ರಕ್ತ ಜೀರ್ಣವಾಗಿ ಕೆಳಗೆ ಬರುವಷ್ಟರಲ್ಲಿ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಚಿತ್ರ ವಾಸನೆಯಿಂದ ಇರುತ್ತದೆ. ಸ್ವಲ್ಪ ತೆಗೆದು ಒದ್ದೆ ಬಿಳಿ ಕಾಗದದ ಮೇಲೆ ಇಟ್ಟು ಕಾಲು ಗಂಟೆ ಬಿಡಿ, ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ರಕ್ತ ಅಂತ ಅನುಮಾನಿಸಿ. ಕಬ್ಬಿಣದ ಟಾನಿಕ್ ಕೊಟ್ಟಿದ್ದರೂ, ಈಲಿ (ಲಿವರ್) ಅಥವಾ ರಕ್ತದ ಅಡುಗೆ ತಿಂದಿದ್ದರೂ ಮಲ ಕಪ್ಪಗಾಗುತ್ತದೆ, ಅದನ್ನೂ ನೆನಪು ಮಾಡಿಕೊಳ್ಳಿ. ಇನ್ನು ಒಸಡು. ದಿನಕ್ಕೊಂದು ಸಲ ತುಟಿ ಮೇಲೆತ್ತಿ ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಚಿಕೊಂಡ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಒಸಡು ಬಿಳಿ ಸುಣ್ಣದ ಬಣ್ಣಕ್ಕೆ ಬಂದರೆ, ವಾಂತಿಯಲ್ಲಿ ಕಾಫಿ ಪುಡಿ ಬಣ್ಣದ ಚೂರು ಕಂಡರೆ, ನಾಯಿ ಎದ್ದು ನಿಲ್ಲಲು ತಡವರಿಸಿದರೆ, ರಾತ್ರಿಯೋ ಹಗಲೋ ನೋಡದೆ ಗಾಡಿ ಹತ್ತಿಸಿ.

ರಕ್ತ ಪರೀಕ್ಷೆಯಲ್ಲಿ ಏನೇನು ನೋಡಿಸಬೇಕು ಅನ್ನುವುದಕ್ಕೂ ನಮ್ಮ ಕಡೆಯ ಕಾರಣಗಳಿವೆ. ನಮ್ಮಲ್ಲಿ ಉಣ್ಣೆ ಕಾಟ ವರ್ಷವಿಡೀ. ಉಣ್ಣೆ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ಹೊಟ್ಟೆ ಕರುಳಿನಲ್ಲಿ ರಕ್ತ ಸೋರಬಹುದು, ಗಡ್ಡೆ ಸುಮ್ನೆ ಪಕ್ಕದಲ್ಲಿ ಕೂತಿರುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಆಪರೇಷನ್ ಟೇಬಲ್ ಮೇಲೆ ಹಾಕಿದರೆ ಕೈಮೀರುತ್ತದೆ. ಕಿಡ್ನಿ ಕೆಟ್ಟರೂ ವಾಂತಿ, ಹೊಟ್ಟೆ ಹುಣ್ಣು ಬರುತ್ತದೆ. ಅದಕ್ಕೆ ಕ್ರಿಯಾಟಿನಿನ್ ನೋಡಲೇಬೇಕು, 11 ವರ್ಷದ ನಾಯಿಗೆ, ಅದರಲ್ಲೂ ನೋವಿನ ಮಾತ್ರೆ ನುಂಗಿದ ನಾಯಿಗೆ. ಅಕ್ಕಪಕ್ಕದಲ್ಲಿ ದ್ರಾಕ್ಷಿ ತೋಟ ಇದ್ದು ಉದುರಿದ ಹಣ್ಣು ತಿನ್ನುವ ಅಭ್ಯಾಸ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಚಿಕ್ಕಬಳ್ಳಾಪುರದ ದ್ರಾಕ್ಷಿ ನಮಗೆ ಹೆಮ್ಮೆ, ನಾಯಿಯ ಕಿಡ್ನಿಗೆ ಮಾತ್ರ ವಿಷ. ಕೊನೆಗೆ ಸಕ್ಕರೆ ಅಂಶ. ಮಾಂಸಖಂಡದ ಈ ಗಡ್ಡೆಗಳು ಕೆಲವು ಸಲ ಇನ್ಸುಲಿನ್ ತರಹದ ವಸ್ತು ಬಿಟ್ಟು ರಕ್ತದ ಸಕ್ಕರೆ ಇಳಿಸುತ್ತವೆ. ನಾಯಿ ನಡುಗುತ್ತದೆ, ಕಾಲು ಸೋತು ಕೂರುತ್ತದೆ, ಫಿಟ್ಸ್ ಬಂದರೂ ಬರಬಹುದು. ಚಿನ್ನಿಯ ಹಿಂಗಾಲಿನ ತೊಂದರೆ ಬರೀ ಕೀಲು ನೋವೇನಾ ಅಂತ ಖಚಿತ ಮಾಡಿಕೊಳ್ಳಿ, ಸಕ್ಕರೆ 60ಕ್ಕಿಂತ ಕೆಳಗಿದ್ದರೆ ಕಥೆ ಬೇರೆ. ಹಾಗಿದ್ದರೆ ಗಡ್ಡೆ ತೆಗೆದ ಮೇಲೆ ಸಕ್ಕರೆ ತಾನಾಗಿ ಸರಿಹೋಗುತ್ತದೆ.

ಮುದ್ದೆಯ ವಿಷಯ. ಪಕ್ಕದ ಮನೆಯವರಿಗೆ ಹೇಳಿ, ರಾಗಿ ಮುದ್ದೆಯಿಂದ ಗಡ್ಡೆ ಬರುವುದಿಲ್ಲ. ನಿಮ್ಮಿಂದ ಹೀಗಾಯ್ತು ಅನ್ನುವ ಭಾರ ಇಳಿಸಿಕೊಳ್ಳಿ. ಸಾರು ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೊದಲೇ ರಕ್ತ ಹೋಗುತ್ತಿರುವ ನಾಯಿಗೆ ಅದು ಇನ್ನೊಂದು ಏಟು. ಸದ್ಯಕ್ಕೆ ಮೆತ್ತಗೆ ಬೇಯಿಸಿದ ಅನ್ನ, ಉಪ್ಪು ಮಸಾಲೆ ಇಲ್ಲದ ಬೇಯಿಸಿದ ಕೋಳಿ ಅಥವಾ ಮೊಟ್ಟೆ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಿ.

ಹಾಗಾದರೆ ನನ್ನ ಸಲಹೆ ಏನು? ಮಾತ್ರೆ ನಿಲ್ಲಿಸಿ, ರಕ್ತ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಈ ವಾರವೇ ಮಾಡಿಸಿ. ಡಾಕ್ಟರು ಹೊಟ್ಟೆ ಹುಣ್ಣಿಗೆ ಒಮೆಪ್ರಜೋಲ್ ಬರೆದರೆ ಊಟಕ್ಕೆ ಅರ್ಧ ಗಂಟೆ ಮೊದಲು ಖಾಲಿ ಹೊಟ್ಟೆಗೆ ಕೊಡಿ. ಸುಕ್ರಾಲ್‌ಫೇಟ್ ಬರೆದರೆ ಬೇರೆ ಔಷಧಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಮೂರು ನಾಲ್ಕು ವಾರದಲ್ಲಿ ವಾಂತಿ ನಿಂತು, ಮಲದ ಬಣ್ಣ ಸರಿಯಾಗಿ, ಹಿಮೋಗ್ಲೋಬಿನ್ ಏರಿದರೆ, ಗಡ್ಡೆಗೆ ಅವಸರ ಮಾಡಬೇಡಿ. ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಸ್ಕ್ಯಾನ್ ಮಾಡಿಸಿ ಅಳತೆ ಬರೆದಿಟ್ಟುಕೊಳ್ಳಿ. ಹೊಟ್ಟೆ ಖಾಲಿ ಇರಲಿ, ಗಾಳಿ ತುಂಬಿದರೆ ಗಡ್ಡೆ ಸರಿಯಾಗಿ ಕಾಣುವುದಿಲ್ಲ. ಔಷಧಿ ಕೊಟ್ಟರೂ ರಕ್ತ ಹೋಗುತ್ತಲೇ ಇದ್ದರೆ, ನುಂಗಲು ಕಷ್ಟ ಪಡುತ್ತಿದ್ದರೆ, ಸಕ್ಕರೆ ಇಳಿಯುತ್ತಿದ್ದರೆ, ಗಡ್ಡೆ ಬೆಳೆದಿದ್ದರೆ ತೆಗೆಸಲೇಬೇಕು. ಆಗ ನಾನು ನಿಮ್ಮ ಮಗನ ಪಕ್ಷ. ಸಾದಾ ಗಡ್ಡೆಯೂ ಜಾಗ ಕೆಟ್ಟರೆ ನಾಯಿಯನ್ನು ಉಪವಾಸ ಕೆಡವುತ್ತದೆ, ರಕ್ತ ಬಸಿದು ಹಾಕುತ್ತದೆ.

ವಯಸ್ಸಾಯ್ತು ಅನ್ನುವುದು ಬೇಡ ಅನ್ನಲು ಸಾಕಾಗುವ ಕಾರಣವಲ್ಲ. ಹೃದಯ, ಕಿಡ್ನಿ, ರಕ್ತ ಸರಿಯಿರುವ 11 ವರ್ಷದ ನಾಯಿ ಅರಿವಳಿಕೆ ತಡೆದುಕೊಳ್ಳುತ್ತದೆ. ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ ಮೊದಲು ರಕ್ತ ಕೊಡಿಸಬೇಕು. ನಾಯಿಗೆ ನಾಯಿಯ ರಕ್ತವೇ ಆಗಬೇಕು, ದಾನಿ ನಾಯಿಯನ್ನು ಮುಂಚೆಯೇ ಹುಡುಕಿಟ್ಟುಕೊಳ್ಳಿ. ಅನ್ನನಾಳದ ಬಾಗಿಲಿನ ಹತ್ತಿರದ ಕೆಲಸ ನಾಜೂಕು, ಹೊಟ್ಟೆಯ ಆಪರೇಷನ್ ಮಾಡಿ ಕೈ ಪಳಗಿದ ಸರ್ಜನ್ ಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಲಿಯೋಮಯೋಮಾ ಅಂತ ಖಾತ್ರಿಯಾಗುವ ಹಾಗಿದ್ದರೆ ಹೊಟ್ಟೆಯ ದೊಡ್ಡ ಭಾಗ ಕತ್ತರಿಸುವ ಅಗತ್ಯ ಇಲ್ಲ, ಹೊಟ್ಟೆ ತೆರೆದು ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯಬಹುದು. ಪೂರ್ತಿ ತೆಗೆದರೆ ಮತ್ತೆ ಬರುವುದು ಕಡಿಮೆ, ಕೀಮೋ ಯಾವುದೂ ಬೇಕಾಗುವುದಿಲ್ಲ. ತೆಗೆದ ಗಡ್ಡೆಯನ್ನು ಮಾತ್ರ ಎಸೆಯಲು ಬಿಡಬೇಡಿ. ಫಾರ್ಮಲಿನ್‌ನಲ್ಲಿ ಹಾಕಿಸಿ ಹಿಸ್ಟೋಪೆಥಾಲಜಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳಿಸಿ. ಸಾದಾ ಗಡ್ಡೆ ಅನ್ನುವ ಮಾತು ನಿಜವೋ ಸುಳ್ಳೋ ಅಂತ ಗೊತ್ತಾಗುವುದು ಆ ವರದಿಯಲ್ಲೇ. ಜಿಸ್ಟ್ ಅನುಮಾನ ಬಂದರೆ ಅದೇ ತುಣುಕಿಗೆ ವಿಶೇಷ ಬಣ್ಣ ಹಾಕಿ ನೋಡುವ ಪರೀಕ್ಷೆಯೂ ಇದೆ.

ಆಪರೇಷನ್ ಆದ ಮೊದಲ ಐದು ದಿನ ಕಣ್ಣಿಟ್ಟು ನೋಡಿ. ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಇರುವುದು ಆಗಲೇ. ಜ್ವರ, ಮತ್ತೆ ಮತ್ತೆ ವಾಂತಿ, ಹೊಟ್ಟೆ ಮುಟ್ಟಿದರೆ ಗುರ್ ಅನ್ನುವುದು, ಮುದುಡಿ ಮಲಗುವುದು ಕಂಡರೆ ಕಾಯಬೇಡಿ, ವಾಪಸ್ ಕರೆದುಕೊಂಡು ಹೋಗಿ. ಹೊರಗಿನ ಹೊಲಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ. ಅಲ್ಲಿಯವರೆಗೆ ಕೊಟ್ಟಿಗೆಯಲ್ಲಿ ಕಟ್ಟಬೇಡಿ, ಮನೆಯೊಳಗೆ ಇರಲಿ, ಕುತ್ತಿಗೆಗೆ ಕಾಲರ್ ಹಾಕಿರಿ.

ಕಾಲು ನೋವು ಉಳಿಯಿತಲ್ಲ, ಅದನ್ನು ಬಿಟ್ಟರೆ ನೀವು ಮತ್ತೆ ಆ ಮಾತ್ರೆಗೇ ಕೈ ಹಾಕುತ್ತೀರಿ. ಈ ವಯಸ್ಸಿನ ಲ್ಯಾಬ್ರಡಾರಿಗೆ ಸೊಂಟದ ಕೀಲು ಸವೆಯುವುದು ಬಹಳ ಸಾಮಾನ್ಯ. ಅವಳ ತೂಕ ಎಷ್ಟಿದೆ ನೋಡಿ. ಪಕ್ಕೆಲುಬು ಕೈಗೆ ಸಿಗದಷ್ಟು ದಪ್ಪ ಇದ್ದರೆ, ಹೊಟ್ಟೆ ಸುಧಾರಿಸಿದ ಮೇಲೆ ಊಟ ಕಡಿಮೆ ಮಾಡಿ ತೂಕ ಇಳಿಸುವುದೇ ಅರ್ಧ ಔಷಧಿ. ನುಣ್ಣನೆ ಟೈಲ್ಸ್ ನೆಲದ ಮೇಲೆ ಮಲಗಿ ಏಳಲು ಜಾರುತ್ತದೆ, ಗೋಣಿಚೀಲವೋ ಹಳೆ ಕಂಬಳಿಯೋ ಹಾಸಿ. ಬೆಳಗ್ಗೆ ಸಂಜೆ ತೋಟದ ಬದುವಿನಲ್ಲಿ ನಿಧಾನವಾಗಿ ನಡೆಸಿ, ಮೆಟ್ಟಿಲು ಹತ್ತಿಸಬೇಡಿ. ನಾಯಿಗೆ ಡಾಕ್ಟರು ಬರೆದುಕೊಡುವ ಕಾರ್ಪ್ರೊಫೆನ್, ಮೆಲಾಕ್ಸಿಕಾಮ್ ತರಹದ ಔಷಧಿಗಳಿವೆ. ಆದರೆ ಅವೂ ಅದೇ ಕುಟುಂಬದವು. ಹುಣ್ಣು ಪೂರ್ತಿ ಮಾಯುವ ತನಕ, ಕಿಡ್ನಿ ವರದಿ ಕೈಗೆ ಬರುವ ತನಕ ಅವೂ ಬೇಡ. ಅಲ್ಲಿಯವರೆಗೆ ನೋವು ಜಾಸ್ತಿ ಆದರೆ ಹೊಟ್ಟೆಗೆ ತೊಂದರೆ ಕೊಡದ ಬೇರೆ ಔಷಧಿ ಬರೆದುಕೊಡಿ ಅಂತ ಡಾಕ್ಟರಲ್ಲಿ ನೇರವಾಗಿ ಕೇಳಿ. ಆಸ್ಪತ್ರೆಗೆ ಹೋಗುವಾಗ ಇಷ್ಟು ದಿನ ಕೊಟ್ಟ ಮಾತ್ರೆಯ ಖಾಲಿ ಸ್ಟ್ರಿಪ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಬೈತಾರೆ ಅಂತ ಮುಚ್ಚಿಡಬೇಡಿ.